ಗಾಡಿಯ ಮನೆಮಾತು

ಅನುಮಾನಕ್ಕೆ ಮದ್ದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅವರು ಭೂತಗನ್ನಡಿಯವರನ್ನು ನೋಡಿರಲಿಲ್ಲವೆಂದು ಕಾಣುತ್ತದೆ. ಇವರಿಗೆ ಅನುಮಾನವೇ ಮದ್ದು. ಬೆಳಿಗ್ಗೆ ಎದ್ದು ಅದರದೊಂದು ಗುಟುಕು ಒಳಗೆ ಹೋಗದಿದ್ದರೆ ಮೈ ಹಗುರವಾಗುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟು ನಿನ್ನೆಯದಿರಬಹುದು, ಪೇಪರು ಹಾಕುವವನು ತಾನು ಓದಿ ಮಡಚಿ ಹಾಕಿರಬಹುದು, ಎದುರು ಮನೆಯವರು ನಗುನಗುತ್ತ ಮಾತಾಡಿಸಿದರೆಂದರೆ ಏನೋ ಕೇಳುವುದಿರಬಹುದು.

ಕಸುಬಿನಲ್ಲಿ ಅವರು ಕನ್ನಡಕದ ಅಂಗಡಿಯವರು. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಗಾಜು ಬದಲಾಯಿಸುತ್ತ "ಇದು ಸ್ಪಷ್ಟವಾ, ಅದು ಸ್ಪಷ್ಟವಾ?" ಎಂದು ಕೇಳುವರು. ಹಾಗೆ ಎಲ್ಲ ಅಂಗಡಿಯವರೂ ಕೇಳುತ್ತಾರೆ ಬಿಡಿ. ಇವರು ಮಾತ್ರ ನಡುವೆ ಒಮ್ಮೆ ಗಾಜು ಬದಲಾಯಿಸಿದ ಹಾಗೆ ಸದ್ದು ಮಾಡಿ, ಅದೇ ಗಾಜನ್ನು ಮತ್ತೆ ಇಟ್ಟು ಕೇಳುವರು. "ಹಾಂ, ಈಗ ಚೆನ್ನಾಗಿ ಕಾಣ್ತಿದೆ" ಎಂದ ಗಿರಾಕಿಯ ಕಥೆ ಮುಗಿಯಿತು. ಅವನ ಪರೀಕ್ಷೆ ಮೊದಲಿನಿಂದ ಶುರು. ಈ ಗುಣ ಮೆಚ್ಚಿ ಬೀದಿಯವರು ಕೊಟ್ಟ ಬಿರುದೇ ಭೂತಗನ್ನಡಿ. ಇದ್ದದ್ದನ್ನು ದೊಡ್ಡದು ಮಾಡಿ ತೋರಿಸುವ ಗಾಜು ಅದು. ಇಲ್ಲದ್ದನ್ನೂ ತೋರಿಸುತ್ತದೆ ಎಂದು ಅವರ ಹೆಂಡತಿ ಸೇರಿಸುತ್ತಿದ್ದರು.

ಇಂಥವರಿಗಿದ್ದ ಒಂದೇ ಚಟ ಗಾಡಿ. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಂತಿದ್ದ ಬೂದುಬಣ್ಣದ ಸ್ಪೋರ್ಟ್ಸ್ ಕಾರು. ಹದಿನೆಂಟು ವರ್ಷದ ಹಿಂದೆ, ಯಾರೋ ಗುದ್ದಿ ಮೂಲೆಗೆ ತಳ್ಳಿದ್ದನ್ನು ತಂದು, ಮನೆಯ ಕೆಳಗಿನ ಶೆಡ್ಡಿನಲ್ಲಿ ನಿಲ್ಲಿಸಿ, ಪುಸ್ತಕ ನೋಡಿ ನೋಡಿ ತಾವೇ ಅದಕ್ಕೆ ಜೀವ ತುಂಬಿದ್ದರು. ಮೆಕ್ಯಾನಿಕ್ಕುಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಆಯಿಲು, ಬ್ರೇಕು, ಬೆಲ್ಟು, ಎಲ್ಲವೂ ಅವರ ಕೈಯಿಂದಲೇ ಆಗಬೇಕು. ಸರಿಹೋಗದೆ ಉಳಿದ ಐಬು ಒಂದೇ: ಎಷ್ಟು ಕಿಲೋಮೀಟರ್ ಓಡಿದೆ ಎಂದು ತೋರಿಸುವ ಪುಟ್ಟ ಪರದೆಯಲ್ಲಿ ಕೊನೆಯ ಮೂರಂಕಿ ಸತ್ತುಹೋಗಿದ್ದವು. ಊರಿಗೆಲ್ಲ ಕಣ್ಣು ಕೊಡುವವರಿಗೆ ತಮ್ಮ ಗಾಡಿ ಎಷ್ಟು ಓಡಿತು ಎಂಬುದೇ ಕಾಣುತ್ತಿರಲಿಲ್ಲ.

ತಿಂಗಳ ಹಿಂದೆ ಹೆಂಡತಿಯ ತಂಗಿಯ ಮನೆಗೆಂದು ಗಂಡ ಹೆಂಡತಿ ಹತ್ತು ದಿನ ಹೋಗಿದ್ದರು. ಮನೆ ನೋಡಿಕೊಳ್ಳಲು ಮಗಳು, ಅಳಿಯ ಬಂದು ಉಳಿದಿದ್ದರು. ಹೊರಡುವ ಮುಂಚೆ ಭೂತಗನ್ನಡಿಯವರು ಎಂದಿನಂತೆ ಗಾಡಿಗೆ ಬೀಗ ಹಾಕಿದ್ದರು. ವಾಪಸು ಬಂದ ಮೊದಲ ಭಾನುವಾರ ಬೆಳಿಗ್ಗೆ ಬೀಗ ತೆಗೆದು ಸ್ಟಾರ್ಟ್ ಮಾಡಿದರೆ ಗಾಡಿ ನಡುಗಿತು. ಹೆಚ್ಚೇನಲ್ಲ, ನಿಂತಲ್ಲೇ ಒಮ್ಮೆ ಕೆಮ್ಮಿ ಸುಧಾರಿಸಿಕೊಂಡಿತು. ಬೇರೆಯವರಾಗಿದ್ದರೆ ಗಮನಿಸುತ್ತಿರಲಿಲ್ಲ. ಇವರು ಎಂಜಿನ್ ಆರಿಸಿ ಕಿವಿಗೊಟ್ಟು ಕೂತರು, ಆಮೇಲೆ ಕಾಲು ಚಾಚಿದರು. ಕ್ಲಚ್ಚಿನ ಪೆಡಲು ದೂರವಾಗಿತ್ತು. ಸೀಟು ಎರಡು ಬೆರಳಷ್ಟು ಹಿಂದಕ್ಕೆ ಹೋಗಿತ್ತು.

ಅಳಿಯ ಎತ್ತರದ ಆಳು.

ಅಷ್ಟೇ ಸಾಕಾಯಿತು. ಇಲ್ಲಿ ಅಳಿಯನ ವಿಷಯ ಒಂದು ಮಾತು ಹೇಳಬೇಕು. ಅವನು ದೊಡ್ಡಾಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ನರ್ಸು. ಮೆತ್ತಗೆ ಮಾತಾಡುವವನು, ಎದುರು ಮಾತಾಡದವನು, ತಟ್ಟೆ ತಾನೇ ತೊಳೆದಿಡುವವನು. ಮದುವೆಗೆ ಮುಂಚೆ ಭೂತಗನ್ನಡಿಯವರು ಎಂಟು ತಿಂಗಳು ಅವನ ಬಗ್ಗೆ ವಿಚಾರಿಸಿದರು. ಒಂದೇ ಒಂದು ಐಬು ಸಿಗಲಿಲ್ಲ. ಅದೇ ಅವರ ಮೊದಲ ಅನುಮಾನ. ಮದುವೆಯಾಗಿ ಮೂರು ವರ್ಷವಾದರೂ ಅವನನ್ನು "ನೀವು" ಎಂದೇ ಕರೆಯುತ್ತಿದ್ದರು, ಅವನ ಕಾರನ್ನು ಒಮ್ಮೆಯೂ ಹತ್ತಿರಲಿಲ್ಲ, ತಮ್ಮ ಗಾಡಿಯನ್ನು ಅವನು ಮುಟ್ಟಲು ಬಿಟ್ಟಿರಲಿಲ್ಲ.

ಹೀಗೇ ಇನ್ನೆರಡು ಭಾನುವಾರ ಕಳೆದವು. ಈಗ ಮನೆಯ ಮಹಡಿ ಖಾಲಿಯಾಗಿತ್ತು. ಮಗಳು ಐದು ತಿಂಗಳ ಬಸುರಿ. ಊರಿನ ಆ ತುದಿಯ ಬಾಡಿಗೆ ಮನೆ ಬಿಟ್ಟು ಮೇಲಿನ ಮನೆಗೆ ಬರುತ್ತೇವೆ ಎಂದು ಅವಳೇ ಬಾಯಿಬಿಟ್ಟು ಕೇಳಿದ್ದಳು. ಭೂತಗನ್ನಡಿಯವರಿಗೆ ಇದಕ್ಕಿಂತ ದೊಡ್ಡ ಆಸೆ ಲೋಕದಲ್ಲಿ ಇನ್ನೊಂದಿರಲಿಲ್ಲ. ಮಗು ಮೆಟ್ಟಿಲಿಳಿಯದ ಹಾಗೆ ಎಲ್ಲಿ ಪುಟ್ಟ ಗೇಟು ಕೂರಿಸಬೇಕೆಂದು ಯಾರಿಗೂ ಕಾಣದಂತೆ ಟೇಪು ಹಿಡಿದು ಅಳೆದೂ ಬಂದಿದ್ದರು. ಆದರೂ ಬಾಯಿಂದ "ಬನ್ನಿ" ಎಂಬ ಮಾತು ಹೊರಡಲಿಲ್ಲ. ಕೇಳದೆ ಗಾಡಿ ತೆಗೆದು, ಓಡಿಸಿ ಹಾಳುಮಾಡಿ, ಏನೂ ಅರಿಯದವನ ಹಾಗೆ ತಟ್ಟೆ ತೊಳೆಯುವ ಮನುಷ್ಯನನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದು ಹೇಗೆ?

"ಭಾನುವಾರ ಊಟಕ್ಕೆ ಬರ್ತಾರೆ," ಎಂದರು ಹೆಂಡತಿ. "ಅವತ್ತು ಹೌದು ಅಲ್ಲ ಎರಡರಲ್ಲಿ ಒಂದು ಹೇಳಿಬಿಡಿ. ಅವರು ಬೇರೆ ಒಂದು ಮನೆ ನೋಡಿಟ್ಟಿದ್ದಾರೆ. ಆ ಮನೆಯವರು ಸೋಮವಾರದ ತನಕ ಮಾತ್ರ ಕಾಯ್ತಾರಂತೆ."

"ಹೇಳ್ತೀನಿ. ಮೊದಲು ಒಂದು ವಿಷಯ ಗೊತ್ತಾಗ್ಬೇಕು."

"ನಿಮಗೆ ಯಾವಾಗ್ಲೂ ಒಂದು ವಿಷಯ ಗೊತ್ತಾಗ್ಬೇಕು," ಎಂದು ಅವರು ಒಳಗೆ ಹೋದರು.

ಆ ವಿಷಯ ಗೊತ್ತುಮಾಡಿಕೊಳ್ಳಲು ಭೂತಗನ್ನಡಿಯವರು ಮಂಗಳವಾರ ಅಂಗಡಿಗೆ ಅರ್ಧ ದಿನ ರಜ ಹಾಕಿ, ಗಾಡಿಗಳ ಸ್ಕ್ಯಾನರ್ ಮಾರುವ ಅಂಗಡಿಗೆ ಹೋದರು. ಗಾಡಿಯ ಕಂಪ್ಯೂಟರಿಗೆ ಜೋಡಿಸಿದರೆ ಒಳಗಿನ ರೋಗವನ್ನು ಓದಿ ಹೇಳುವ ಉಪಕರಣ ಅದು. ಕಿರಿದಾದ ಅಂಗಡಿ, ಗೋಡೆಯ ತುಂಬ ಕೇಬಲ್ಲುಗಳು ಸುರುಳಿ ಸುತ್ತಿ ನೇತಾಡುತ್ತಿದ್ದವು. ಅಂಗಡಿಯಾಕೆ ಒಂದು ಕಾಲದಲ್ಲಿ ರೇಸಿನ ತಂಡದ ಜೊತೆ ಊರೂರು ಸುತ್ತಿ ಗಾಡಿಗಳ ನಾಡಿ ನೋಡಿದವರು. ಗಿಡ್ಡ ಕೂದಲು, ಮುಂಗೈಯಲ್ಲೊಂದು ಹಳೆಯ ಸುಟ್ಟ ಗಾಯ. ಎದುರಿಗೆ ನಿಂತವರ ಕಣ್ಣನ್ನು ನೇರವಾಗಿ ನೋಡಿ ಮಾತಾಡುತ್ತಿದ್ದರು. ನೇರವಾಗಿ ನೋಡುವವರನ್ನು ಭೂತಗನ್ನಡಿಯವರು ಸುಲಭಕ್ಕೆ ನಂಬುವುದಿಲ್ಲ.

ಆಕೆ ಮೇಜಿನ ಮೇಲೆ ಮೂರು ಇಟ್ಟರು. ಒಂದು ಹೆಬ್ಬೆರಳಷ್ಟೇ ದಪ್ಪದ ಪ್ಲಗ್ಗು. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫೋನಿನಲ್ಲಿ ಓದಬಹುದು. ಇನ್ನೊಂದು ಕೈಯಲ್ಲಿ ಹಿಡಿಯುವ, ತನ್ನದೇ ಪರದೆಯಿದ್ದ ಪೆಟ್ಟಿಗೆ. ಮೂರನೆಯದು ರಬ್ಬರಿನ ಅಂಚಿನ ಅಗಲವಾದ ಟ್ಯಾಬ್ಲೆಟ್ಟು.

"ಪ್ರತಿ ಗಾಡಿಗೂ ಎರಡು ಮಾತು ಇರುತ್ತೆ ಸರ್," ಎಂದರು ಆಕೆ. "ಒಂದು ಊರಿನವರ ಹತ್ರ ಆಡೋದು, ಒಂದು ಮನೇಲಿ ಆಡೋದು. ಹೊಗೆ ವಿಷಯ ಕೇಳಿದ್ರೆ ಎಲ್ಲಾ ಗಾಡಿಗಳೂ ಒಂದೇ ಭಾಷೇಲಿ ಉತ್ತರ ಕೊಡ್ಬೇಕು. ಈ ಚಿಕ್ಕದಕ್ಕೆ ಅಷ್ಟೇ ಬರೋದು. ಈ ನಡುವಿನದಕ್ಕೆ ಹತ್ತು ಮನೆ ಮಾತು ಅರ್ಧಂಬರ್ಧ ಬರುತ್ತೆ. ದೊಡ್ಡದಕ್ಕೆ ನಿಮ್ಮ ಗಾಡಿ ಮನೆಮಾತು ಪೂರ್ತಿ ಗೊತ್ತು. ಆದರೆ ಬೇರೆ ಗಾಡಿಗೆ ಹಾಕಿದ್ರೆ ಬಾಯೇ ಬಿಡಲ್ಲ."

"ಇದು ಅಸಲೀನಾ? ನಕಲಿ ಬರುತ್ತಂತಲ್ಲ?"

"ಬರುತ್ತೆ. ನಾನು ಇಡಲ್ಲ."

ಎಲ್ಲರೂ ಹಾಗೇ ಹೇಳುತ್ತಾರೆ ಎಂದುಕೊಂಡು ಅವರು ಮೂರನ್ನೂ ಸರದಿಯಂತೆ ಎತ್ತಿ, ಅಂಚು ತಡವಿ, ತಿರುಗಿಸಿ, ಜೇಬಿನಿಂದ ಮಸೂರ ತೆಗೆದು ತಳದ ಅಕ್ಷರ ಓದಿದರು.

"ಮನೇಲೇ ಕೆಲಸ ಮಾಡ್ಕೊಳ್ಳೋರಿಗೆ ನಡುವಿನದು ಸಾಕು ಸರ್. ಆಯಿಲ್ ಬದಲಾಯಿಸಿ ಲೈಟ್ ಆರಿಸೋದು, ಬ್ರೇಕಿನ ಗಾಳಿ ತೆಗೆಯೋದು, ಎಲ್ಲಾ ಇದರಲ್ಲೇ ಆಗುತ್ತೆ."

ನಡುವಿನದು ಯಾಕೆ? ಖರ್ಚಾಗದೆ ಉಳಿದಿರಬೇಕು. ಭೂತಗನ್ನಡಿಯವರು ಚಿಕ್ಕದನ್ನು ಮುಂದಕ್ಕೆ ಸರಿಸಿದರು. "ಇದರಲ್ಲಿ, ಗಾಡಿನ ಯಾರು ಹೇಗೆ ಓಡಿಸಿದ್ರು ಅಂತ ಗೊತ್ತಾಗುತ್ತಾ?"

ಆಕೆ ಕೈಕಟ್ಟಿ ನಿಂತರು. "ಸರ್, ನಿಮಗೆ ಗಾಡಿ ರಿಪೇರಿ ಮಾಡ್ಬೇಕಾ, ಕಳ್ಳನ್ನ ಹಿಡೀಬೇಕಾ?"

"ಯಾಕೆ, ಎರಡಕ್ಕೂ ಬೇರೆ ಬೇರೆ ಇದೆಯಾ?"

"ಇದೆ. ರಿಪೇರಿಯವರು ಈಗ ಏನಾಗ್ತಿದೆ ಅಂತ ಕೇಳ್ತಾರೆ. ಕಳ್ಳನ್ನ ಹಿಡಿಯೋರು ಅವತ್ತು ಏನಾಯ್ತು ಅಂತ ಕೇಳ್ತಾರೆ."

ಭೂತಗನ್ನಡಿಯವರು ಚಿಕ್ಕದನ್ನೇ ಕಟ್ಟಿಸಿಕೊಂಡು ಬಂದರು.

ಶೆಡ್ಡಿನಲ್ಲಿ ಗಾಡಿಗೆ ಅದನ್ನು ಸಿಕ್ಕಿಸಿ ಫೋನು ನೋಡಿದರೆ, ದೋಷಗಳು: ಸೊನ್ನೆ. ಭೂತಗನ್ನಡಿಯವರಿಗೆ ಬೇಸರವಾಯಿತು. ಸೊನ್ನೆ ಎಂಬುದು ಅವರು ಬಾಳಿನಲ್ಲಿ ಎಂದೂ ಒಪ್ಪದ ಉತ್ತರ. ಕೆಳಗೆ ಇನ್ನೊಂದು ಪಟ್ಟಿಯಿತ್ತು: ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಎಂಟು ಬಗೆ. ಅದರಲ್ಲಿ ಐದರ ಮುಂದೆ "ಮುಗಿದಿಲ್ಲ" ಎಂದಿತ್ತು. ಕೂಡಲೇ ಅಂಗಡಿಗೆ ಫೋನು ಮಾಡಿದರು.

"ಗಾಡಿ ನೆನಪು ಇತ್ತೀಚೆಗೆ ಅಳಿಸಿದೆ ಅಂತ ಅರ್ಥ," ಎಂದರು ಆಕೆ. "ಅಳಿಸಿದ ಮೇಲೆ ಅದು ಎಲ್ಲಾ ಮೊದಲಿಂದ ಕಲೀಬೇಕು. ಸ್ವಲ್ಪ ದಿನ ನಡುಗೋದೂ ಉಂಟು. ಬ್ಯಾಟರಿ ಏನಾದ್ರೂ ತೆಗೆದಿದ್ರಾ?"

"ಇಲ್ಲವಲ್ಲ. ಬ್ಯಾಟರಿ ಇದ್ದ ಜಾಗದಿಂದ ಅಲ್ಲಾಡೇ ಇಲ್ಲ."

"ಹಾಗಾದ್ರೆ ಯಾರೋ ಸ್ಕ್ಯಾನರ್ ಹಾಕಿ ಅಳಿಸಿರ್ಬೇಕು."

ಯಾರೋ! ಭೂತಗನ್ನಡಿಯವರು ಗಾಡಿಯ ಬಾಗಿಲಿಗೆ ಒರಗಿ ನಿಂತರು. ಓಡಿಸಿದ್ದಲ್ಲದೆ, ಏನೋ ಎಡವಟ್ಟಾಗಿ ಎಚ್ಚರಿಕೆಯ ದೀಪ ಹತ್ತಿಕೊಂಡಿದೆ, ಅದನ್ನು ಅಳಿಸಿಯೂ ಇದ್ದಾನೆ. ಆಸ್ಪತ್ರೆಯಲ್ಲಿ ದಿನ ಬೆಳಗಾದರೆ ಯಂತ್ರಗಳ ಗುಂಡಿ ಒತ್ತುವವನಿಗೆ ಇದೇನು ಮಹಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಅವರಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆಗೆ, ಹೇಳಿದರೆ ಪಾಪ, ಒಂಥರಾ ಖುಷಿಯೂ ಆಯಿತು. ಮೂರು ವರ್ಷ ಕಾದಿದ್ದ ಐಬು ಕೊನೆಗೂ ಕೈಗೆ ಬರುವ ಹಾಗಿತ್ತು.

ಗುರುವಾರ ಮತ್ತೆ ಅಂಗಡಿ. ಚಿಕ್ಕದನ್ನು ಮೇಜಿನ ಮೇಲಿಟ್ಟು ದೊಡ್ಡದರ ಕಡೆ ಬೆರಳು ತೋರಿಸಿದರು.

"ಕಳ್ಳನ್ನ ಹಿಡಿಯೋದು ಅಂತ ತೀರ್ಮಾನ ಆಯ್ತು," ಎಂದರು ಅಂಗಡಿಯಾಕೆ. ನಗಲಿಲ್ಲ. ಟ್ಯಾಬ್ಲೆಟ್ಟು ಹಚ್ಚಿ ಒಂದು ಪುಟ ತೆರೆದು ತೋರಿಸಿದರು. "ಎಂಜಿನ್ ಅಳತೆ ಮೀರಿ ತಿರುಗಿದ್ದನ್ನ ಇಂಥ ಗಾಡಿಗಳು ಆರು ಮೆಟ್ಟಿಲಲ್ಲಿ ಬರೆದಿಟ್ಕೊಂಡಿರ್ತವೆ. ಮೊದಲ ಎರಡು ಬಿಡಿ, ಹುರುಪಿನಲ್ಲಿ ಆಕ್ಸಿಲರೇಟರ್ ಒತ್ತಿದ್ರೂ ಬರುತ್ತೆ. ಅದಕ್ಕಿಂತ ಮೇಲೆ ಕಾಲಲ್ಲಿ ಒತ್ತಿ ಹೋಗೋಕಾಗಲ್ಲ, ಗಾ­ಡಿನೇ ಪೆಟ್ರೋಲ್ ನಿಲ್ಲಿಸಿಬಿಡುತ್ತೆ. ನಾಲ್ಕನೇ ಮೆಟ್ಟಿಲಲ್ಲಿ ಒಂದು ಬಿದ್ದಿದೆ ಅಂದ್ರೆ ಅದು ಕೈ ತಪ್ಪು. ಜೋರಾಗಿ ಹೋಗ್ತಾ ಐದನೇ ಗೇರ್ ಹಾಕೋ ಬದಲು ಮೂರಕ್ಕೆ ಎಳೆದಿರ್ತಾರೆ. ಚಕ್ರ ಎಂಜಿನ್ನನ್ನ ಎಳ್ಕೊಂಡು ಹೋಗುತ್ತೆ. ಆಗ ಬರೋ ಶಬ್ದ ಕೇಳಿದೋರು ಮರೆಯಲ್ಲ."

ಭೂತಗನ್ನಡಿಯವರು ಗೇರು ಹಾಕುವ ಕೈಯನ್ನು ಜೇಬಿಗೆ ಹಾಕಿಕೊಂಡರು. "ಯಾವತ್ತು ಆಯ್ತು ಅಂತ ಇರುತ್ತಾ?"

"ದಿನ ಇರಲ್ಲ, ಗಂಟೆ ಇರುತ್ತೆ. ಎಂಜಿನ್ ಹುಟ್ಟಿದಾಗಿಂದ ಎಷ್ಟನೇ ಗಂಟೇಲಿ ಅಂತ. ಗಡಿಯಾರದ ಗಂಟೆ ಅಲ್ಲ ಸರ್, ಎಂಜಿನ್ ಓಡಿದ ಗಂಟೆ."

"ಇದನ್ನೂ ಅಳಿಸಬಹುದಾ?"

"ಅಳಿಸೋಕೆ ಯಾರ ಕೈಲೂ ಆಗಲ್ಲ."

ಆ ಒಂದು ಮಾತಿಗೇ ಟ್ಯಾಬ್ಲೆಟ್ಟು ಮಾರಾಟವಾಯಿತು. ಹೊರಡುವಾಗ ಆಕೆ, "ಓದೋದು ಇದು ಓದುತ್ತೆ ಸರ್, ಅರ್ಥ ಮಾಡ್ಕೊಳ್ಳೋದು ನೀವೇ," ಎಂದು ಏನೋ ಇನ್ನೂ ಹೇಳಲಿದ್ದರು. ವ್ಯಾಪಾರ ಮುಗಿದ ಮೇಲೂ ಮಾತಾಡುವ ಅಂಗಡಿಯವರಿಗೆ ಏನೋ ಉದ್ದೇಶವಿರುತ್ತದೆ ಎಂದು ಇವರು ನಿಲ್ಲಲಿಲ್ಲ.

ಈ ಸಲ ಗಾಡಿ ಬಾಯಿ ಬಿಟ್ಟಿತು. ಒಂದನೇ ಮೆಟ್ಟಿಲು, ಎರಡನೇ ಮೆಟ್ಟಿಲು, ಸಾವಿರಗಟ್ಟಲೆ, ಹಳೆಯ ಮಾಲೀಕನ ಪಾಪ. ಮೂರನೆಯದು ಖಾಲಿ. ನಾಲ್ಕನೆಯದರಲ್ಲಿ ಒಂದು ಗುರುತು: ಸಾವಿರದ ನೂರಾ ಇಪ್ಪತ್ತೆಂಟನೇ ಗಂಟೆ. ಎಂಜಿನ್ ಒಟ್ಟು ಓಡಿದ್ದು ಸಾವಿರದ ನೂರಾ ಮೂವತ್ತೊಂದು ಗಂಟೆ.

ಮೂರು ಗಂಟೆ ಹಿಂದೆ! ಭೂತಗನ್ನಡಿಯವರಿಗೆ ಬೆರಳು ಮಡಚುವ ಅಗತ್ಯವೂ ಇರಲಿಲ್ಲ. ಅವರು ಗಾಡಿ ತೆಗೆಯುವುದು ಭಾನುವಾರ ಮಾತ್ರ. ಬೆಳಿಗ್ಗೆ ಆರಕ್ಕೆ ಶೆಡ್ಡಿನ ಬಾಗಿಲು ತೆಗೆದರೆ, ಏಳು ಹೊಡೆಯುವಾಗ ಗಾಡಿ ಒಳಗೆ. ಊರಿಂದ ಬಂದ ಮೇಲೆ ಮೂರು ಭಾನುವಾರ, ಮೂರು ಗಂಟೆ. ಅಂದರೆ ಗೇರು ತಪ್ಪಿದ್ದು ಅದಕ್ಕೆ ಮುಂಚೆ, ಅಂದರೆ ಆ ಹತ್ತು ದಿನದಲ್ಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಪ್ರಮಾಣಿಸಿಯೂ ಆಯಿತು. ಆ ಪುಟದ ಚಿತ್ರ ಹಿಡಿದು, ಎಲ್ಲಿ ಅದೂ ಅಳಿದೀತೋ ಎಂದು ಚೀಟಿಯಲ್ಲೂ ಬರೆದುಕೊಂಡರು.

ಶುಕ್ರವಾರ, ಶನಿವಾರ ಅಂಗಡಿಯಲ್ಲಿ ಅವರ ಮನಸ್ಸಿರಲಿಲ್ಲ. ಅಳಿಯನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಒಂದರ ಹಿಂದೊಂದು ಜೋಡಿಸಿಕೊಳ್ಳುತ್ತಿದ್ದರು. ಮೊದಲು ಸುಮ್ಮನೆ ಕೇಳಬೇಕು. ಇಲ್ಲ ಎನ್ನುತ್ತಾನೆ. ಆಗ ಸೀಟು ತೆಗೆಯಬೇಕು. ಮತ್ತೂ ಇಲ್ಲ ಎನ್ನುತ್ತಾನೆ. ಆಗ ಅಳಿಸಿದ ನೆನಪು. ಕೊನೆಗೆ ಸಾವಿರದ ನೂರಾ ಇಪ್ಪತ್ತೆಂಟು. ನಡುನಡುವೆ ಮೆಟ್ಟಿಲ ಮೇಲಿನ ಆ ಪುಟ್ಟ ಗೇಟು ಕಣ್ಣಿಗೆ ಬರುತ್ತಿತ್ತು. ಮಗಳು ಸಿಟ್ಟಾಗುತ್ತಾಳೆ, ಮನೆಗೆ ಬರುವುದಿಲ್ಲ ಎನ್ನುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರಲು ಅವರಿಂದ ಆಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತರು. ಭೂತಗನ್ನಡಿಯವರು ನೀರಿನ ಲೋಟದ ಪಕ್ಕ ಟ್ಯಾಬ್ಲೆಟ್ಟು ತಂದಿಟ್ಟುಕೊಂಡಿದ್ದರು.

"ಊಟದ ಜೊತೆ ನಂಚಿಕೊಳ್ಳೋಕಾ ಅದು?" ಎಂದರು ಹೆಂಡತಿ.

ಎರಡು ತುತ್ತು ತಿಂದು, ಕೈ ಒರೆಸಿಕೊಂಡು, ಭೂತಗನ್ನಡಿಯವರು ಅಳಿಯನ ಕಡೆ ತಿರುಗಿದರು.

"ನಾವು ಊರಲ್ಲಿಲ್ಲದಾಗ ನೀವು ನನ್ನ ಗಾಡಿ ಏನಾದ್ರೂ ತೆಗೆದಿದ್ರಾ?"

ಅಳಿಯನ ಕೈ ತಟ್ಟೆಯಲ್ಲೇ ನಿಂತಿತು. ಅವನು ಮಾವನ ಮುಖ ನೋಡಿದ, ಟ್ಯಾಬ್ಲೆಟ್ಟು ನೋಡಿದ, ಒಂದು ಕ್ಷಣ ಅತ್ತೆಯ ಕಡೆಗೂ ನೋಡಿದ.

"ಹೌದು ಮಾವ. ನಾನೇ ತೆಗೆದಿದ್ದು," ಎಂದ ಮೆತ್ತಗೆ. "ತಪ್ಪಾಯ್ತು. ಇನ್ಮೇಲೆ ಹಾಗಾಗಲ್ಲ."

ಎರಡು ದಿನದಿಂದ ಜೋಡಿಸಿಕೊಂಡಿದ್ದ ಪ್ರಶ್ನೆಗಳು ಭೂತಗನ್ನಡಿಯವರ ಬಾಯಲ್ಲೇ ಉಳಿದವು. ಕಳ್ಳ ಇಷ್ಟು ಸಲೀಸಾಗಿ ಸಿಕ್ಕಿಬಿಟ್ಟರೆ ಹಿಡಿದವನಿಗೆ ಏನು ಸುಖ? ಮರುಕ್ಷಣ ಇನ್ನೊಂದು ಅನುಮಾನ ಬಂತು: ಇಷ್ಟು ಬೇಗ ಒಪ್ಪಿಕೊಂಡನೆಂದರೆ ಇದರ ಹಿಂದೆ ಇನ್ನೂ ದೊಡ್ಡದು ಏನೋ ಇದೆ.

ಮಗಳು ಲೋಟ ಕೆಳಗಿಟ್ಟಳು. "ಏನು ತೆಗೆದೆ ನೀನು?" ಎಂದು ಗಂಡನನ್ನು ಕೇಳಿದಳು.

"ಗಾಡಿ."

"ಅಪ್ಪನ ಗಾಡೀನಾ?"

"ಹೂಂ."

"ಅದರಲ್ಲಿ ಎಷ್ಟು ಪೆಡಲ್ ಇದೆ ಹೇಳು ನೋಡೋಣ."

ಅಳಿಯ ತಟ್ಟೆ ನೋಡುತ್ತ ಕೂತ. ಮಗಳು ಅಪ್ಪನ ಕಡೆ ತಿರುಗಿದಳು. "ಅಪ್ಪ, ಇವನಿಗೆ ಗೇರಿನ ಗಾಡಿ ಓಡಿಸೋಕೇ ಬರಲ್ಲ. ಕಲಿತಿದ್ದು ಆಟೋಮ್ಯಾಟಿಕ್ಕಲ್ಲಿ, ಓಡಿಸೋದೂ ಅದನ್ನೇ. ನಮ್ಮ ಗಾಡಿ ಒಂದು ಸಲ ಹತ್ತಿದ್ರೆ ನಿನಗೂ ಗೊತ್ತಿರ್ತಿತ್ತು."

"ಬಾರದವರೇ ಇಂಥ ತಪ್ಪು ಮಾಡೋದು," ಎಂದರು ಭೂತಗನ್ನಡಿಯವರು. ದನಿ ಸ್ವಲ್ಪ ಏರಿತ್ತು. "ಜೋರಾಗಿ ಹೋಗ್ತಾ ಐದರ ಬದಲು ಮೂರನೇ ಗೇರಿಗೆ ಹಾಕಿದ್ದಾರೆ. ಇಲ್ಲಿದೆ ನೋಡು."

"ಗೇರೇ ಹಾಕೋಕೆ ಬಾರದವನು ಐದನೇ ಗೇರಿನ ತನಕ ಹೇಗೆ ಹೋದ ಅಪ್ಪ?"

ಅವರು ಬೇರೆ ದಾರಿ ಹಿಡಿದರು. "ಸರಿ, ನೆನಪು ಅಳಿಸಿದ್ದು ಯಾರು? ಗಾಡಿ ಕಂಪ್ಯೂಟರಿನ ನೆನಪು ಪೂರ್ತಿ ಅಳಿಸಿದೆ. ಅದೂ ತಾನೇ ಅಳೀತಾ?"

"ನನಗೆ ಇನ್ನೊಂದು ಅರ್ಥ ಆಗ್ತಿಲ್ಲ," ಎಂದರು ಹೆಂಡತಿ. "ನೀವು ಬೀಗ ಹಾಕಿ ತಾನೇ ಹೋಗಿದ್ದು? ಬೀಗ ಹಾಕಿದ ಗಾಡಿ ಹೇಗೆ ಸ್ಟಾರ್ಟ್ ಆಯ್ತು?"

"ಬೀಗ ಅಂದ್ರೆ?" ಎಂದು ಅಳಿಯ ಕೇಳಿದ.

"ನಮ್ಮನೇಲಿ ಹಾಗನ್ನೋದಪ್ಪ. ಊರಿಗೆ ಹೋಗೋ ಮುಂಚೆ ಇವರು ಬ್ಯಾಟರಿ ವೈರು ಬಿಚ್ಚಿ, ಬಟ್ಟೆ ಸುತ್ತಿಟ್ಟು ಬರ್ತಾರೆ. ಯಾರೂ ಓಡಿಸಬಾರದು ಅಂತ. ಹದಿನೆಂಟು ವರ್ಷದಿಂದ ಅದಕ್ಕೆ ಬೀಗ ಹಾಕೋದು ಅಂತಾನೇ ಹೆಸರು."

ಭೂತಗನ್ನಡಿಯವರಿಗೆ ಕಿವಿ ಬಿಸಿಯಾಯಿತು. ಬ್ಯಾಟರಿ ತೆಗೆದಿದ್ರಾ ಎಂದು ಅಂಗಡಿಯಾಕೆ ಕೇಳಿದ್ದರು. ಇವರು ಸುಳ್ಳು ಹೇಳಿರಲಿಲ್ಲ. ಬ್ಯಾಟರಿ ತೆಗೆದಿರಲಿಲ್ಲ, ಬೀಗ ಹಾಕಿದ್ದರು. ಆ ಕೆಲಸಕ್ಕೆ ಲೋಕದಲ್ಲಿ ಇನ್ನೊಂದು ಹೆಸರಿದೆ ಎಂಬುದೇ ಅವರ ತಲೆಗೆ ಹೊಳೆದಿರಲಿಲ್ಲ. ವೈರು ಬಿಚ್ಚಿದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ನೆನಪಿಲ್ಲ, ನೆನಪಿಲ್ಲದ ಗಾಡಿ ನಡುಗುತ್ತದೆ. ಅಳಿಯನನ್ನು ಹಿಡಿಯಲು ಇಟ್ಟುಕೊಂಡಿದ್ದ ಸಾಕ್ಷಿಯಲ್ಲಿ ಅರ್ಧವನ್ನು ಅವರ ಕೈಯೇ ತಯಾರಿಸಿತ್ತು.

ಉಳಿದದ್ದು ಒಂದು ಸಂಖ್ಯೆ. ಅದನ್ನು ಬಿಡಲು ಅವರು ಸಿದ್ಧರಿರಲಿಲ್ಲ. "ಸೀಟು ಹಿಂದಕ್ಕೆ ಹೋಗಿತ್ತು. ಮೂರು ಗಂಟೆ ಹಿಂದೆ ಗೇರು ತಪ್ಪಿದೆ. ಬಂದ ಮೇಲೆ ಗುರುವಾರದ ತನಕ ನಾನು ಓಡಿಸಿದ್ದು ಮೂರು ಭಾನುವಾರ, ಮೂರೇ ಗಂಟೆ."

"ಸೀಟು ನಾನೇ ಮಾವ," ಎಂದ ಅಳಿಯ. "ಒಂದು ಹತ್ತು ನಿಮಿಷ ಸ್ಟೀರಿಂಗ್ ಹಿಡ್ಕೊಂಡು ಸುಮ್ಮನೆ ಕೂತಿದ್ದೆ. ಅದು ನಿಜ."

ಮಗಳು ಟ್ಯಾಬ್ಲೆಟ್ಟನ್ನು ತನ್ನ ಕಡೆ ಎಳೆದುಕೊಂಡು ಓದಿದಳು. ಅವಳ ದನಿ ಈಗ ಇಳಿದಿತ್ತು. "ಇದು ಎಂಜಿನ್ ಓಡಿದ ಗಂಟೆ ಅಲ್ವಾ ಅಪ್ಪ? ನೀನು ಕೆರೆ ಏರಿ ಹತ್ರ ಹೋಗಿ ಗಾಡಿ ಆರಿಸ್ತೀಯ. ಇಳಿದು ಆ ಕಡೆ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ಗಾಡಿನೇ ನೋಡ್ತಿರ್ತೀಯ. ಚಿಕ್ಕವಳಿದ್ದಾಗ ನಾನೂ ಪಕ್ಕ ಕೂತಿರ್ತಿದ್ದೆ. ಆ ಅರ್ಧ ಗಂಟೆನೂ ಸೇರಿಸಿದ್ದೀಯಾ?"

ಸೇರಿಸಿದ್ದರು. ಆ ಅರ್ಧ ಗಂಟೆ ಗಾಡಿ ಓಡಿಸಿದ್ದಲ್ಲ ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

"ಅಲ್ಲಿಗೆ ಭಾನುವಾರಕ್ಕೆ ಅರ್ಧ ಗಂಟೆ," ಎಂದಳು ಮಗಳು. "ಮೂರು ಗಂಟೆ ಅಂದ್ರೆ ಆರು ಭಾನುವಾರ. ಬಂದ ಮೇಲೆ ಮೂರು, ಹೋಗೋಕೆ ಮುಂಚೆ ಮೂರು."

ಹೋಗುವುದಕ್ಕೆ ಮುಂಚಿನ ಮೂರನೆಯ ಭಾನುವಾರ. ಭೂತಗನ್ನಡಿಯವರು ಕಣ್ಣು ಮುಚ್ಚಿದರು. ಮುಚ್ಚಿದರೂ ಕಂಡಿತು. ಏರಿಗೆ ಹೋಗುವ ನೇರ ರಸ್ತೆ, ಮುಂದೆ ಒಂದು ಲಾರಿ. ಅದನ್ನು ಹಿಂದೆ ಹಾಕಬೇಕೆಂದು ಜೋರು ಮಾಡಿ, ನಾಲ್ಕರಿಂದ ಐದಕ್ಕೆಂದು ಎಳೆದ ಕೈ ಎಲ್ಲೋ ಮೂರಕ್ಕೆ ಹೋಗಿತ್ತು. ಕಾಲ ಕೆಳಗಿಂದ ಒಂದು ಕಿರುಚಾಟ ಎದ್ದು, ಅವರು ಕ್ಲಚ್ಚು ತುಳಿಯುವಷ್ಟರಲ್ಲಿ ನಿಂತುಹೋಗಿತ್ತು. ಆ ದಿನ ಏರಿಯ ಕಲ್ಲಿನ ಮೇಲೆ ಬಹಳ ಹೊತ್ತು ಕೂತು ಒಂದು ತೀರ್ಮಾನಕ್ಕೆ ಬಂದಿದ್ದರು: ಆ ಶಬ್ದ ಲಾರಿಯದು. ಮನೆಗೆ ಬರುವಷ್ಟರಲ್ಲಿ ಅದನ್ನು ನಂಬಿಯೂ ಆಗಿತ್ತು. ಲೋಕದಲ್ಲಿ ಯಾರ ಮಾತನ್ನೂ ನಂಬದವರು ತಮ್ಮದೊಂದು ಸುಳ್ಳನ್ನು ಮಾತ್ರ ಪ್ರಶ್ನೆಯಿಲ್ಲದೆ ನಂಬಿಬಿಟ್ಟಿದ್ದರು. ತಾನು ಕಳ್ಳ, ಪರರ ನಂಬ ಎಂಬ ಗಾದೆ ಯಾರಿಗೋ ಹೇಳಿದ್ದೆಂದು ಅವರು ಅಂದುಕೊಂಡಿದ್ದರು.

ನಾಚಿಕೆಯಿಂದ ಅವರಿಗೆ ತಲೆಯೆತ್ತಲಾಗಲಿಲ್ಲ. ತಟ್ಟೆಯ ಅಂಚು ನೋಡುತ್ತಲೇ ಅಳಿಯನನ್ನು ಕೇಳಿದರು. "ಮತ್ತೆ ನೀವು ಯಾಕೆ ಹೌದು ಅಂದ್ರಿ?"

ಅಳಿಯ ಮುಜುಗರದಿಂದ ಕತ್ತಿನ ಹಿಂಭಾಗ ಉಜ್ಜಿಕೊಂಡ. "ಅಭ್ಯಾಸ ಮಾವ. ನಮ್ಮ ವಾರ್ಡಲ್ಲಿ ವಯಸ್ಸಾದವರು ದಿನಾ ಯಾರನ್ನಾದ್ರೂ ಕಳ್ಳ ಅಂತಾರೆ. ನನ್ನ ಕನ್ನಡಕ ಕದ್ದೆ, ನನ್ನ ಹಲ್ಲಿನ ಸೆಟ್ಟು ಕದ್ದೆ ಅಂತ. ಇಲ್ಲ ಅಂದ್ರೆ ಮೈಮೇಲೆ ಬರ್ತಾರೆ, ಪಕ್ಕದ ಹಾಸಿಗೆಯವರನ್ನ ಹಿಡ್ಕೊಳ್ತಾರೆ, ನಿದ್ದೆ ಮಾಡಲ್ಲ. ಹೌದು ತಾತ, ನಾನೇ ತಗೊಂಡೆ, ತಪ್ಪಾಯ್ತು ಅಂದ್ರೆ ಸಮಾಧಾನ ಆಗಿ ಊಟ ಮಾಡ್ತಾರೆ. ನೀವು ಕೇಳಿದಾಗ… ಅತ್ತೆ ಊಟ ಬಡಿಸಿದ್ರು, ಇವಳು ಬೇರೆ ಹೀಗಿದ್ದಾಳೆ. ಯಾರೋ ಒಬ್ಬರು ಹೌದು ಅಂದ್ರೆ ಮುಗಿಯುತ್ತಲ್ಲ ಅನ್ನಿಸ್ತು."

ಭೂತಗನ್ನಡಿಯವರು ತಟ್ಟೆ ಪಕ್ಕಕ್ಕೆ ಸರಿಸಿದರು. ಇಂಥ ಮಾತು ಆಡಿ ಅವರಿಗೆ ಅಭ್ಯಾಸವಿರಲಿಲ್ಲ.

"ಗೇರು ತಪ್ಪಿಸಿದ್ದು ನಾನು," ಎಂದರು. "ನಾನೇ. ಲಾರಿ ದಾಟೋಕೆ ಹೋಗಿ. ನನಗೆ ಅವತ್ತೇ ಗೊತ್ತಿತ್ತು."

"ಆಯ್ತು ಮಾವ, ಪರವಾಗಿಲ್ಲ," ಎಂದ ಅಳಿಯ ಕೂಡಲೇ. "ಹೋಗ್ಲಿ ಬಿಡಿ. ಊಟ ಮಾಡಿ, ಆರ್ತಾ ಇದೆ."

ಅದೇ ಮೆತ್ತಗಿನ ದನಿ. ಹಾಸಿಗೆಯ ಪಕ್ಕ ನಿಂತು ಆಡುವ ದನಿ. ಅದು ಎಲ್ಲಿಯದೆಂದು ಈಗ ತಿಳಿದಿದ್ದರಿಂದ ಭೂತಗನ್ನಡಿಯವರಿಗೆ ಅದು ಏಟಿನ ಹಾಗೆ ತಗುಲಿತು. ಸಿಟ್ಟಿನಿಂದ ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ಮೇಲಿನ ಮನೆಗೆ ಬನ್ನಿ," ಎಂದುಬಿಟ್ಟರು. ಇಷ್ಟು ದಿನ ಹೊರಡದ ಮಾತು ಅವಸರದಲ್ಲಿ ಹೊರಬಿತ್ತು. "ನಾಳೇನೇ ಬನ್ನಿ. ನಾನು ಸುಣ್ಣಬಣ್ಣ ಮಾಡಿಸ್ತೀನಿ. ಮೆಟ್ಟಿಲಿಗೆ ಗೇಟು… ಗೇಟಿಗೆ ಅಳತೆ ಕೂಡ ತೆಗೆದಿದ್ದೀನಿ."

ಮಗಳ ಕಣ್ಣು ತುಂಬಿ ಬಂತು. ಅವಳು ಅಪ್ಪನ ಕೈ ಮೇಲೆ ತನ್ನ ಕೈ ಇಟ್ಟಳು, ಆದರೆ ತಲೆಯಾಡಿಸಿದಳು.

"ಬೇಡಪ್ಪ. ಆ ಮನೆಗೇ ಹೋಗ್ತೀವಿ. ಬರ್ತಾ ಹೋಗ್ತಾ ಇರ್ತೀವಿ, ಮಗೂನೂ ಕರ್ಕೊಂಡು ಬರ್ತೀವಿ. ಆದರೆ ಇವನು ಅಲ್ಲಿ ದಿನಾ ಎಂಟು ಗಂಟೆ ಮಾಡದ್ದನ್ನೆಲ್ಲ ಒಪ್ಪಿಕೊಂಡು ಬರ್ತಾನೆ. ಮನೆಗೆ ಬಂದ ಮೇಲೂ ಒಪ್ಪಿಕೊಳ್ತಾ ಇರೋದು ನನಗೆ ನೋಡೋಕಾಗಲ್ಲ."

"ಅಯ್ಯೋ, ನನಗೇನೂ ತೊಂದರೆ ಇಲ್ಲ," ಎಂದು ಅಳಿಯ ಶುರು ಮಾಡಿದ. "ಮಾವ ಹೇಳಿದ ಹಾಗೇ…"

"ನೀನು ಸುಮ್ನಿರು," ಎಂದಳು ಮಗಳು. "ಇದೊಂದನ್ನ ಅಪ್ಪನೇ ಒಪ್ಪಿಕೊಳ್ಳಲಿ."